ಅಕ್ಕನ ಐದು ಕಿಲೋಮೀಟರ್

ನಕ್ಷೆಯ ಪ್ರಕಾರ ಆ ಬೆಳಿಗ್ಗೆ ನನ್ನ ಅಕ್ಕ ನೆರೆಮನೆಯ ಅಡುಗೆಕೋಣೆಯೊಳಗಿಂದ ಓಡಿ, ಅವರ ಬಾವಿಯ ಮೇಲೆ ಹಾದು, ಕೋಳಿಗೂಡು ದಾಟಿ ರಸ್ತೆಗೆ ಬಂದಿದ್ದಳು. ಅವಳ ಪಕ್ಕದಲ್ಲೇ ಓಡಿದ ನಾನು ಎರಡು ಸಲ ಸಮುದ್ರಕ್ಕಿಳಿದು ಮೇಲೆ ಬಂದಿದ್ದೆ. ಅವಳದು ಫೋನಿನ ಆ್ಯಪ್ ಬರೆದ ನಕ್ಷೆ, ನನ್ನದು ಕೈಗಡಿಯಾರ ಬರೆದದ್ದು. ಇಬ್ಬರೂ ಓಡಿದ್ದು ಬೀಜಾಡಿಯ ಒಂದೇ ರಸ್ತೆಯಲ್ಲಿ, ಮಾತಾಡಿಕೊಂಡು. ಬೂಟುಗಳು ಒಣಗಿಯೇ ಇದ್ದವು.

ನಕ್ಷೆಯನ್ನು ನಕ್ಕು ಬಿಡಬಹುದಿತ್ತು. ಅದರ ಕೆಳಗಿದ್ದ ಅಂಕಿಯನ್ನು ಬಿಡುವಂತಿರಲಿಲ್ಲ. ಅಕ್ಕನ ಫೋನು 4.8 ಕಿಲೋಮೀಟರ್ ಎಂದಿತು. ನನ್ನ ಗಡಿಯಾರ 5.1 ಎಂದಿತು. ಅಕ್ಕನಿಗೆ ಬೇಕಾಗಿದ್ದದ್ದು ಐದು.

ಊರಿನ ಯುವಕ ಮಂಡಲದವರು ಕಡಲತೀರದಲ್ಲಿ ಹೆಂಗಸರಿಗೆ ಐದು ಕಿಲೋಮೀಟರ್ ಓಟ ಇಟ್ಟಿದ್ದರು. ಐವತ್ತು ದಾಟಿದವರಿಗೆ ಒಂದು ನಿಯಮ: ಹಿಂದೆ ಒಮ್ಮೆಯಾದರೂ ನಿಲ್ಲದೆ ಐದು ಓಡಿದ್ದೇನೆ ಎಂದು ಆ್ಯಪಿನ ಚಿತ್ರ ತೆಗೆದು ಕಳಿಸಬೇಕು. ಶನಿವಾರದೊಳಗೆ ಕಳಿಸಿದವರಿಗೆ ಮಾತ್ರ ಎದೆಗೆ ಅಂಟಿಸುವ ನಂಬರು. ಹಿಂದಿನ ಸಲ ಯಾರೋ ಅರ್ಧ ದಾರಿಯಲ್ಲಿ ತಲೆಸುತ್ತಿ ಕುಳಿತಿದ್ದರಂತೆ. ನಿಯಮದಲ್ಲಿ ತಪ್ಪೇನಿರಲಿಲ್ಲ.

ಅಕ್ಕ ಗಂಗೊಳ್ಳಿ ಬಂದರಿನ ಹರಾಜಿನಲ್ಲಿ ಮೀನು ಕೊಂಡು ಹೋಟೆಲುಗಳಿಗೆ ಕೊಡುವವಳು. ಸಕ್ಕರೆ ಕಾಯಿಲೆಗೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದಕ್ಕೆ ಶುರುಮಾಡಿದ ನಡಿಗೆ, ನಡಿಗೆ ಬೇಜಾರಾಗಿ ಓಟವಾಗಿತ್ತು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ತೊಂದರೆಯಿರಲಿಲ್ಲ. ಬಂದರಿನಲ್ಲಿ ಬುಟ್ಟಿ ಹಿಡಿದು ನಿಂತ ಎಲ್ಲ ಹೆಂಗಸರಿಗೂ ಅವಳು ಓಟದ ಸುದ್ದಿ ಹೇಳಿಬಿಟ್ಟಿದ್ದಳು.

"ಐದ್ ಕಿಲೋಮೀಟರ್ ಓಡ್ತಳ್ ಅಂಬ್ರ್!" ಎಂದು ಒಬ್ಬಳು ಸಾರಿದಳು.

"ದಿನಾ ಬಸ್ಸಿನ್ ಹಿಂದೆ ಓಡುದ್ ಸಾಕಾತಿಲ್ಯನೇ ಹೆಣೆ?" ಎಂದು ಇನ್ನೊಬ್ಬಳು ಕೇಳಿದಳು.

"ಬಸ್ಸಿನ್ ಹಿಂದೆ ಓಡ್ರೆ ಪದಕ ಕೊಡ್ತಿಲ್ಯೆ," ಎಂದು ಅಕ್ಕ ಹೇಳಿ ಬಂದಿದ್ದಳು. ನಂಬರು ಸಿಗದೆ ಹೋದರೆ ಆ ಮಾತನ್ನು ಅವಳು ಉಳಿದ ಆಯುಷ್ಯವಿಡೀ ಹರಾಜಿನ ಕಟ್ಟೆಯ ಮೇಲೆ ಕೇಳಬೇಕಿತ್ತು.

4.8ರ ಚಿತ್ರವನ್ನು ಮಂಡಲದ ಕಾರ್ಯದರ್ಶಿಗೆ ಕಳಿಸಿದಳು. ಅವನು ಕೂಡಲೇ ಫೋನು ಮಾಡಿದ. "ನಾಲ್ಕ್ ಪಾಯಿಂಟ್ ಎಂಟ್ ಆತಿಲ್ಲೆ ಅಕ್ಕಾ. ಐದ್ ಅಂದ್ರೆ ಐದ್."

"ತಮ್ಮನ್ ಗಡಿಯಾರದಗೆ ಐದಕ್ಕೂ ಮೇಲಿತ್ತಲೆ!"

"ಗಡಿಯಾರ ಅವ್ರ್ ಕೈಯಗಿದ್ದಿತ್ತ್. ಹಂಗಾರೆ ನಂಬರ್ ಅವ್ರಿಗೆ ಕೊಡ್ಕಾ?"

ಅಕ್ಕ ಫೋನಿಟ್ಟು ನನ್ನ ಕಡೆ ತಿರುಗಿದಳು. "ನೀನ್ ಪೇಪರಿನಗಿದ್ದವ. ಯಾವ್ದ್ ಸತ್ಯ ಹೇಳ್."

ನಾನು ಪತ್ರಿಕೆಯಿಂದ ನಿವೃತ್ತನಾದವನು. ಗಡಿಯಾರ ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು ಕೊಟ್ಟದ್ದು. ಇನ್ನು ಮುಂದೆ ಗಂಟೆ ನೋಡಬೇಕಾಗಿಲ್ಲದವನಿಗೆ ಗಡಿಯಾರ ಕೊಡುವುದು ನಮ್ಮ ಕಚೇರಿಯ ಪದ್ಧತಿ. ಸತ್ಯ ಯಾವುದೆಂದು ಹೇಳುವ ಮೊದಲು ಎರಡೂ ಮೂಲಗಳನ್ನು ವಿಚಾರಿಸಿದೆ. ಫೋನಿನದು ಸುಲಭವಾಗಿ ತಿಳಿಯಿತು. ಅದು ಅಕ್ಕನ ವ್ಯಾಪಾರದ ಫೋನು, ನಸುಕಿನಿಂದಲೇ ಗಂಟಲು ಹರಿದುಕೊಳ್ಳುವಂಥದ್ದು. ಬ್ಯಾಟರಿ ಉಳಿಸಲೆಂದು ಅವಳು ಅದನ್ನು ಸದಾ ಮಿತವ್ಯಯದಲ್ಲಿ ಇಟ್ಟಿದ್ದಳು. ಹಾಗಾಗಿ ಅದು ಆಗೊಮ್ಮೆ ಈಗೊಮ್ಮೆ ಉಪಗ್ರಹಗಳನ್ನು ವಿಚಾರಿಸಿ, ಎರಡು ಚುಕ್ಕಿ ಇಟ್ಟು, ನಡುವೆ ನೆಟ್ಟಗೆ ಗೆರೆ ಎಳೆಯುತ್ತಿತ್ತು. ರಸ್ತೆಯ ತಿರುವುಗಳೆಲ್ಲ ಅಳಿಸಿಹೋಗಿ, ಗೆರೆ ನೆರೆಯವರ ಅಡುಗೆಕೋಣೆಗೆ ನುಗ್ಗುತ್ತಿತ್ತು. ನನ್ನ ಗಡಿಯಾರದ ಸ್ವಭಾವ ಇದಕ್ಕೆ ತಿರುಗುಮುರುಗು. ಅದು ಕ್ಷಣಕ್ಷಣಕ್ಕೂ ವಿಚಾರಿಸುತ್ತದೆ. ಪ್ರತಿ ಉತ್ತರದಲ್ಲೂ ನಾಲ್ಕು ಹೆಜ್ಜೆ ಆಚೀಚೆ. ತೆಂಗಿನಮರಗಳ ಕೆಳಗೆ, ಗೋಡೆಗಳ ಸಂದಿಯಲ್ಲಿ ಇನ್ನೂ ಹೆಚ್ಚು. ಆ ಅತ್ತಿತ್ತಲ ತೂರಾಟವನ್ನೆಲ್ಲ ನಾನೇ ಓಡಿದೆನೆಂದು ಕೂಡಿಸಿಬಿಡುತ್ತದೆ. ಸ್ಥಳಕ್ಕೆ ಎರಡೇ ಸಲ ಹೋಗಿ ಉಳಿದದ್ದನ್ನು ಊಹಿಸಿ ಬರೆಯುವ ವರದಿಗಾರ ಒಬ್ಬ, ಸಭೆಗೆ ಬಂದ ಜನರನ್ನು ಒಳಹೋಗುವಾಗಲೂ ಹೊರಬರುವಾಗಲೂ ಎಣಿಸಿ ಕೂಡಿಸುವವನು ಇನ್ನೊಬ್ಬ. ಇಬ್ಬರ ಜೊತೆಯೂ ನಾನು ಕೆಲಸ ಮಾಡಿದ್ದೇನೆ.

"ಐದರ ಹತ್ರ ಹತ್ರ ಆಯಿತ್ತ್," ಎಂದೆ.

"ಹತ್ರ ಹತ್ರಕ್ಕೆ ನಂಬರ್ ಕೊಡ್ತಿಲ್ಲೆ."

"ಎರಡ್ ಕಡೆ ಬೇರೆ ಬೇರೆ ಹೇಳ್ರೆ ಮೂರನೆಯವ್ರನ್ ಕೇಳ್ಕ್. ನಮ್ ಆಫೀಸಿನಗೆ ಹಂಗೇ ಮಾಡುದ್."

ಈ ಮಾತು ಜಗಲಿಯಲ್ಲಿ ಕುಳಿತಿದ್ದ ಭಾವನ ಕಿವಿಗೆ ಬಿತ್ತು. ಅಕ್ಕನ ಗಂಡ. ಮೀನುಗಾರಿಕೆ ಬೋಟಿನ ಮಾಲೀಕರು, ನಡೆಸುವವರೂ ಅವರೇ. ಎಂಜಿನ್ ಕೆಲಸಕ್ಕೆಂದು ಬೋಟು ದಡಕ್ಕೆ ಬಂದಿದ್ದರಿಂದ ಆ ವಾರ ಮನೆಯಲ್ಲಿದ್ದರು. ಮನೆಯಲ್ಲಿದ್ದ ಎಲ್ಲದರ ಮೇಲೂ ಅಭಿಪ್ರಾಯ ಕೊಟ್ಟು ಮುಗಿಸಿದ್ದರು, ಇದೊಂದು ಬಾಕಿಯಿತ್ತು.

"ನಿಮ್ದೆಲ್ಲ ಆಟದ್ ಸಾಮಾನ್," ಎಂದರು. ಒಳಗೆ ಹೋಗಿ ಅಂಗೈಯಗಲದ ಒಂದು ಯಂತ್ರ ತಂದರು. ಸೆಲ್ ಹಾಕಿ ನಡೆಸುವ, ಬೋಟಿನ ಹಳೆಯ ಜಿಪಿಎಸ್. ರಬ್ಬರಿನ ಮೈಯಿಂದ ಇನ್ನೂ ಬಂಗುಡೆಯ ವಾಸನೆ ಬರುತ್ತಿತ್ತು. "ಇದ್ ಕಾಣಿ. ಮೀನಿನ್ ಬಲಿ ಹರಿವ ಕಲ್ಲ್ ನೀರಿನಡಿಯಗೆ ಎಲ್ಲಿತ್ತ್ ಅಂದೇಳಿ ಇದ್ ಸಮ ಹೇಳತ್ತ್. ಇವ್ಳ್ ಓಡಿದ್ದ್ ಹೇಳುಕೆ ಆತಿಲ್ಯಾ? ಮರದಡಿಯಗೆ ಬ್ಯಾಡ, ಕಡಲ್ ಬದಿ ಹೊಯ್ಗೆ ಮೇಲೆ ಓಡ್ಲಿ."

ಅಷ್ಟಕ್ಕೇ ನಿಲ್ಲಲಿಲ್ಲ. ಸಂಜೆ ಬೋಟಿನ ಕೆಲಸ ನೋಡಲು ಬಂದರಿಗೆ ಹೋದವರು, ಅಕ್ಕನ ಓಟವನ್ನು ತಮ್ಮ ಬೋಟಿನ ಜಿಪಿಎಸ್ ಅಳೆಯುತ್ತದೆಂದು ಎಲ್ಲರೆದುರು ಹೇಳಿ ಬಂದರು. ಅದು ಐದು ತೋರಿಸಿದರೆ ಐದು, ಇಲ್ಲದಿದ್ದರೆ ಇಲ್ಲ. ಅಕ್ಕನಿಗೆ ಈ ಸುದ್ದಿ ಮರುದಿನ ಹರಾಜಿನಲ್ಲಿ ಅವಳ ಗೆಳತಿಯರಿಂದಲೇ ತಿಳಿಯಿತು. ಅವಳು ಮನೆಗೆ ಬಂದು ಬುಟ್ಟಿ ಇಳಿಸಿದ ಸದ್ದು ಗೇಟಿನವರೆಗೆ ಕೇಳಿತು.

"ಆಯ್ತ್. ಮೂರೂ ಐದ್ ಹೇಳುವರೆಗೆ ಓಡ್ತೆ. ಆ ಮೇಲೆ ನಿಮ್ ಬಾಯಿಗ್ ಬೀಗ."

ಶನಿವಾರ ಬೆಳಿಗ್ಗೆ ಇಳಿತದ ಹೊತ್ತು. ತೀರದ ಒದ್ದೆ ಮರಳು, ನಮ್ಮ ಹೊಯ್ಗೆ, ಸಿಮೆಂಟಿನಂತೆ ಗಟ್ಟಿಯಾಗಿತ್ತು, ತಲೆಯ ಮೇಲೆ ಒಂದು ಗರಿಯ ಅಡ್ಡಿಯೂ ಇರಲಿಲ್ಲ. ಫೋನಿನ ಮಿತವ್ಯಯ ತೆಗೆಸಿ ಅಕ್ಕನ ಸೊಂಟದ ಚೀಲಕ್ಕೆ ಹಾಕಿದೆ. ಗಡಿಯಾರ ನನ್ನ ಕೈಯಲ್ಲಿ, ಭಾವನ ಯಂತ್ರ ಇನ್ನೊಂದು ಕೈಯಲ್ಲಿ. ಮಗುಚಿ ಹಾಕಿದ ದೋಣಿಯಿಂದ ತೋಡು ಸಮುದ್ರ ಸೇರುವಲ್ಲಿಗೆ ಹೋಗಿ ಹಿಂದೆ ಬರುವುದು ಒಂದು ಸುತ್ತು. ಭಾವ ದೋಣಿಯ ಬೆನ್ನ ಮೇಲೆ ಚಾದ ಫ್ಲಾಸ್ಕ್ ಇಟ್ಟುಕೊಂಡು ಕುಳಿತರು.

ಸುತ್ತು ಮುಗಿಸಿ ಬಂದಾಗಲೆಲ್ಲ ಅವರದು ಒಂದೇ ಪ್ರಶ್ನೆ. "ಹ್ವಾಯ್, ಎಷ್ಟಾಯ್ತ್?"

ನಾಲ್ಕನೆಯ ಸುತ್ತು ಮುಗಿದಾಗ ನನ್ನ ಗಡಿಯಾರ 5.2 ಎಂದಿತು. ಅಕ್ಕನ ಫೋನು 5.1. ತೆರೆದ ಆಕಾಶದ ಕೆಳಗೆ ಎರಡಕ್ಕೂ ಹೆಚ್ಚು ಜಗಳವಿರಲಿಲ್ಲ. ಭಾವನ ಯಂತ್ರ ನೋಡಿದೆ.

"ಎರಡ್ ಪಾಯಿಂಟ್ ಎಂಟ್," ಎಂದೆ.

"ಅರ್ಧ ಆಯ್ತ್ ಅಷ್ಟೇ!" ಭಾವ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂಗಿದರು. "ಓಡ್, ಓಡ್!"

ಅಕ್ಕ ನನ್ನತ್ತ ಒಂದು ನೋಟ ಹಾಕಿದಳು. "ಫೋನ್ ಐದ್ ಹೇಳಿತ್ತಲೆ ತಮಾ?"

"ಹೇಳಿತ್ತ್. ನಿಲ್ಲಸ್ತ್ಯಾ?"

ಅವಳು ದೋಣಿಯ ಕಡೆ ನೋಡಿದಳು. ಭಾವ ಚಾ ಹೀರುತ್ತಿದ್ದರು. "ಇವ್ರ್ ಚಾ ಕುಡ್ಕೊಂಡ್ ಬಂದರಿನಗೆ ಅರ್ಧ ಅರ್ಧ ಅಂದೇಳಿ ಹೇಳ್ತ್ರ್. ನಡಿ," ಎಂದು ತಿರುಗಿ ಓಡಿದಳು.

ಐದನೆಯ ಸುತ್ತಿನಲ್ಲಿ ನನಗೆ ಮಾತಾಡುವಷ್ಟು ಉಸಿರಿರಲಿಲ್ಲ, ಯೋಚಿಸುವಷ್ಟಿತ್ತು. ಗಡಿಯಾರವೂ ಫೋನೂ ಕೂದಲೆಳೆಯಲ್ಲಿ ಒಪ್ಪುತ್ತಿವೆ. ಮೂರನೆಯದು ಸರಿಸುಮಾರು ಅರ್ಧಕ್ಕೆ ನಿಂತಿದೆ. ಅಳತೆ ತಪ್ಪಿದರೆ ನಾಲ್ಕು ಹೆಜ್ಜೆ ತಪ್ಪಬಹುದು, ಅರ್ಧ ಬೀಜಾಡಿ ತಪ್ಪುವುದಿಲ್ಲ. ಸುತ್ತು ಮುಗಿದಾಗ ಯಂತ್ರ 3.5 ತೋರಿಸಿತು. ಬಿಸಿಲಿಗೆ ಕೈ ಅಡ್ಡಹಿಡಿದು ನೋಡಿದರೆ ಅಂಕಿಯ ಪಕ್ಕದಲ್ಲಿ ಎನ್.ಎಂ. ಎಂಬ ಎರಡು ಸಣ್ಣ ಇಂಗ್ಲಿಷ್ ಅಕ್ಷರ. ನಾನು ನಿಂತೆ. ಅಕ್ಕ ನಿಲ್ಲದೆ ತೋಡಿನ ಕಡೆ ಹೋದಳು.

"ಭಾವ, ಇದ್ ಎಂತದ್ರ ಲೆಕ್ಕದಗೆ ತೋರ್ಸುದ್?"

"ಎಂತದ್ರ ಅಂದ್ರೆ? ಮೈಲಿ."

"ಯಾವ್ ಮೈಲಿ?"

"ಕಡಲ ಮೈಲಿ. ನಾಟಿಕಲ್. ಸಮುದ್ರದಗೆ ಮತ್ತೆ ಕಿಲೋಮೀಟರ್ ಕಲ್ಲ್ ಹಾಕಿತ್ತಾ?"

ಒಂದು ಕಡಲ ಮೈಲಿಯೆಂದರೆ ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಹೊಯ್ಗೆಯ ಮೇಲೆ ಬೆರಳಿನಲ್ಲಿ ಲೆಕ್ಕ ಹಾಕಿ ತೋರಿಸಿದೆ. ಯಂತ್ರ ಸುಳ್ಳು ಹೇಳಿರಲಿಲ್ಲ. ಅದು 2.8 ಎಂದಾಗಲೇ ಅಕ್ಕ ಐದು ದಾಟಿದ್ದಳು. ಮೂರೂ ಮೂಲಗಳು ಆಗಲೇ ಒಪ್ಪಿದ್ದವು. ಒಂದು ಬೇರೆ ಭಾಷೆಯಲ್ಲಿ ಒಪ್ಪಿತ್ತು ಅಷ್ಟೆ.

ಭಾವ ಹೊಯ್ಗೆಯ ಮೇಲಿನ ಲೆಕ್ಕವನ್ನು ಕಾಲಿನಿಂದ ಅಳಿಸಿದರು. "ನೀವ್ ಐದ್ ಅಂದ್ರಿ. ಐದ್ ಎಂತದ್ದ್ ಅಂದೇಳಿ ನಂಗೆ ಯಾರ್ ಹೇಳ್ದ್ರ್?"

ದೂರದಲ್ಲಿ ತೋಡಿನ ಬಳಿ ಅಕ್ಕ ತಿರುಗಿದ್ದು ಕಾಣಿಸಿತು. ಸಣ್ಣ ಚುಕ್ಕಿ ದೊಡ್ಡದಾಗುತ್ತ ಬರತೊಡಗಿತು.

"ನೀವೇ ಹೇಳಿ," ಎಂದರು ಭಾವ. "ನಿಮ್ ಅಕ್ಕ."

"ಯಂತ್ರ ನಿಮ್ದ್."

"ಮೂರನೆಯವ್ರನ್ ಕೇಳ್ಕ್ ಅಂದದ್ ಯಾರ್?"

ಮೂರನೆಯವರನ್ನು ಕೇಳುವ ಮೊದಲು ಅವರು ಯಾವ ಲೆಕ್ಕದಲ್ಲಿ ಮಾತಾಡುತ್ತಾರೆಂದು ಕೇಳಬೇಕು. ಅದೂ ನಮ್ಮ ಆಫೀಸಿನ ಪಾಠವೇ ಆಗಿತ್ತು.

ಅಕ್ಕ ಬಂದು ನಿಂತಳು. ಮುಖ ಕೆಂಪಾಗಿತ್ತು, ಉಸಿರು ಮಾತ್ರ ನನಗಿಂತ ಚೆನ್ನಾಗಿತ್ತು. ಫೋನು 7.7 ತೋರಿಸುತ್ತಿತ್ತು. ನಡೆದದ್ದನ್ನು ನಡೆದ ಕ್ರಮದಲ್ಲಿ ನಾನು ವರದಿ ಮಾಡಿದೆ. ಅವಳು ಪೂರ್ತಿ ಕೇಳಿದಳು. ಬಗ್ಗಿ ಒಂದು ಮುಷ್ಟಿ ಒದ್ದೆ ಹೊಯ್ಗೆ ತೆಗೆದು ಗಂಡನ ಅಂಗಿಯ ಮೇಲೆ ಒಗೆದಳು. ಎರಡನೆಯ ಮುಷ್ಟಿ ನನಗೆ. ಮೂರನೆಯದಕ್ಕೆ ಕೈಹಾಕಿದವಳು ನಗಲು ಶುರುಮಾಡಿ ಅಲ್ಲೇ ಕುಳಿತುಬಿಟ್ಟಳು.

"ಹ್ವಾಯ್," ಎಂದಳು, ನಗು ನಿಂತ ಮೇಲೆ, ಗಂಡನಿಗೆ. "ಹಂಗಾರೆ ನಿಮ್ ಲೆಕ್ಕದಗೆ ಐದ್ ಆಪುಕೆ ಇನ್ನೆಷ್ಟ್ ಬಾಕಿ?"

ನಾನು ಲೆಕ್ಕ ಹಾಕಿದೆ. "ಒಂದೂವರೆ ಕಿಲೋಮೀಟರ್."

ಅವಳು ತೋಡಿನ ಕಡೆ ನೋಡಿದ ರೀತಿ ಭಾವನಿಗೆ ಸರಿಬರಲಿಲ್ಲ. ನನ್ನ ಕೈಯಿಂದ ಯಂತ್ರ ತೆಗೆದುಕೊಂಡು, ಹಿಂಬದಿ ಬಿಚ್ಚಿ, ಸೆಲ್ಲುಗಳನ್ನು ಜೇಬಿಗೆ ಹಾಕಿಕೊಂಡರು.

ಚಿತ್ರ ನೋಡಿದ ಕಾರ್ಯದರ್ಶಿ "ಐದ್ ಸಾಕಿತ್ತ್ ಅಕ್ಕಾ" ಎಂದು ಬರೆದ. ನಂಬರು ಬಂತು. ಬಂದರಿನಲ್ಲಿ ಭಾವ ಏನು ಹೇಳಿದರೋ ನಾನು ಕೇಳಲಿಲ್ಲ, ಆದರೆ ಓಟದ ದಿನ ಅಕ್ಕನ ಗೆಳತಿಯರು ನಾಲ್ಕು ಮಂದಿ ಮೀನಿನ ಕೆಲಸ ಬೇಗ ಮುಗಿಸಿ ಬೀಜಾಡಿಗೆ ಬಂದಿದ್ದರು. ಕೊನೆಯ ರಿಬ್ಬನಿನ ಬಳಿ ಸಾಲಾಗಿ ನಿಂತರು.

ಮಂಡಲದವರು ದಾರಿಯನ್ನು ಬೈಕಿನ ಮೀಟರಿನಲ್ಲಿ ಅಳೆದಿದ್ದರು. ಹೊಯ್ಗೆಯಲ್ಲಿ ಚಕ್ರ ಜಾರುತ್ತದೆ, ಜಾರಿದ ಸುತ್ತನ್ನೂ ಮೀಟರು ದೂರವೆಂದೇ ಬರೆದುಕೊಳ್ಳುತ್ತದೆ. ಅವರ ಐದು ನಿಜವಾದ ಐದಕ್ಕಿಂತ ಗಿಡ್ಡವಾಗಿದ್ದರೆ ಆಶ್ಚರ್ಯವಿರಲಿಲ್ಲ. ಯಾರಿಗೂ ಅದು ಬೇಕಾಗಿರಲಿಲ್ಲ. ಹುಡುಗಿಯರು ರಿಬ್ಬನ್ ದಾಟಿ, ಬೊಂಡದ ಎಳನೀರು ಕುಡಿದು, ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಅಕ್ಕ ನಡುಗುಂಪಿನಲ್ಲಿ ಬಂದಳು. ರಿಬ್ಬನ್ ಹತ್ತಿರವಾದಾಗ ಸೊಂಟದ ಚೀಲದಿಂದ ಫೋನು ತೆಗೆದು ನೋಡಿದಳು. ರಿಬ್ಬನ್ ದಾಟಿದಳು. ನಿಲ್ಲಲಿಲ್ಲ.

ಕಾರ್ಯದರ್ಶಿ ಪದಕ ಹಿಡಿದುಕೊಂಡು ಹಿಂದೆ ಓಡಿದ. "ಅಕ್ಕಾ, ಮುಗೀತ್! ಇಲ್ಲೇ ಮುಗೀತ್!"

"ನಾಲ್ಕ್ ಪಾಯಿಂಟ್ ಎಂಟ್ ಇತ್ತ್!" ಅಕ್ಕ ಫೋನನ್ನು ತಲೆಯ ಮೇಲೆತ್ತಿ, ತಿರುಗಿ ನೋಡದೆ ಕೂಗಿದಳು. "ನಾಲ್ಕ್ ಪಾಯಿಂಟ್ ಎಂಟ್ ಆತಿಲ್ಲೆ ಅಂದದ್ ನೀವೇ ಅಲ್ದಾ?"

ಅವನು ಓಡಿದ. ಅವನ ಹಿಂದೆ ಭಾವ, ಈ ಸಲ ಬಿಚ್ಚಿ ಜೇಬಿಗಿಳಿಸಲು ಸೆಲ್ಲುಗಳಿಲ್ಲದೆ. ರಿಬ್ಬನಿನ ಬಳಿ ನಿಂತ ಬಂದರಿನ ಹೆಂಗಸರಲ್ಲಿ ಒಬ್ಬಳು ಎರಡೂ ಕೈ ಬಾಯಿಗೆ ಒಡ್ಡಿ ಕೂಗಿದಳು:

"ಹೆಣೆ, ನಿಲ್ಲೇ! ಬಸ್ ಹೋಯ್ತೇ!"