ಅಂಗಳದ ಕರಿಕೆಗೆ ಕುರಿ ಕರೆದದ್ದು

ನಮ್ಮ ಮನೆತನದಲ್ಲಿ ಕರಿಕೆಯನ್ನು, ಅಂದರೆ ಗರಿಕೆ ಹುಲ್ಲನ್ನು, ಕೊಂದವರೇ ಎಲ್ಲ. ಸಾಕಿದವನು ನಾನೊಬ್ಬನೇ. ಎರೆಹೊಲಕ್ಕೆ ಕರಿಕೆ ಹೊಕ್ಕಿತೆಂದರೆ ಆ ಹೊಲ ಕೈಬಿಟ್ಟಿತು ಎಂದೇ ನಮ್ಮ ಕಡೆ ಲೆಕ್ಕ. ನನ್ನ ಮುತ್ತಜ್ಜ ಆಳುದ್ದ ತಗ್ಗು ತೋಡಿ ಅದರ ಬೇರು ಕಿತ್ತು, ಬಿಸಿಲಿಗೆ ಒಣಗಿಸಿ, ಸುಟ್ಟು, ಆ ಬೂದಿಯನ್ನೂ ನಂಬದೆ ಹಳ್ಳಕ್ಕೆ ಚೆಲ್ಲಿ ಬಂದಿದ್ದನಂತೆ. ಅಂಥ ವಂಶದಲ್ಲಿ ಹುಟ್ಟಿದ ನಾನು ಅದೇ ಕರಿಕೆಯನ್ನು ಹುಬ್ಬಳ್ಳಿಯಲ್ಲಿ ರೊಕ್ಕ ಕೊಟ್ಟು ಕೊಂಡು, ಚಾಪೆಯಂತೆ ಸುರುಳಿ ಸುತ್ತಿಸಿ, ಟಂಟಂ ಆಟೋದಲ್ಲಿ ಮದುಮಗಳ ಹಾಗೆ ಕೂರಿಸಿಕೊಂಡು ನಮ್ಮೂರು ರೋಣಕ್ಕೆ ತಂದೆ.

ಕಾರಣ ದೊಡ್ಡದೇನಲ್ಲ. ಯಾರದೋ ಮದುವೆಗೆ ಹೋಗಿದ್ದೆ. ಕಲ್ಯಾಣ ಮಂಟಪದ ಮುಂದೆ ಲಾನ್ ಇತ್ತು. ಅದರ ಮೇಲೆ ಕಾಲು ಚಾಚಿ ಕೂತು ಐಸ್‌ಕ್ರೀಂ ತಿಂದೆ. ತಲೆ ಕೆಟ್ಟಿತು.

ನರ್ಸರಿಯವನು "ಫಾರಿನ್ ಹುಲ್ಲು" ಎಂದಿದ್ದ. ಅಪ್ಪ ಒಂದು ಎಳೆ ಕಿತ್ತು, ಮೂಸಿ, ನನ್ನ ಮುಖ ನೋಡಿದ.

"ಇದು ಕರಕಿ."

"ಅಲ್ಲಪ್ಪಾ, ಫಾರಿನ್..."

"ಫಾರಿನ್ನಾಗೂ ಕರಕೀನ ಅದು. ನಮ್ಮಜ್ಜ ಇದನ್ನ ಕೀಳಾಕ ಹೋಗಿ ಸೊಂಟ ಮುರಕೊಂಡ. ನೀ ನೀರು ಹಾಕಿ ಬೆಳಸ್ತಿ. ಬೆಳಸು ಮಗನ, ಬೆಳಸು."

ಅಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಓಣಿಯ ಹೆಂಗಸರೆಲ್ಲ ಕೇಳುವಂತೆ ಕಟ್ಟೆಯ ಮೇಲೆ ನಿಂತು, "ಮನಿ ಮುಂದ ಹುಲ್ಲು ಬೆಳದ್ರ ಅದಕ್ಕ ಹಾಳ ಮನಿ ಅಂತಾರ. ನಮ್ಮ ಮಂದಿ ಇನ್ನೂ ಜೀವಂತ ಅದಾರ, ನೋಡ್ಕೋರಿ!" ಎಂದು ಸಾರಿದಳು. ಆವತ್ತಿನಿಂದ ನಮ್ಮ ಓಣಿಯಲ್ಲಿ ನನ್ನ ಲಾನಿಗೆ ಹಾಳು ಎಂದೇ ಹೆಸರಾಯಿತು. ಪೋಸ್ಟಿನವನೂ "ಹಾಳಿನ ಮನಿ ಇದೇ ಏನ್ರಿ?" ಎಂದು ಕೇಳಿಕೊಂಡು ಬಂದ.

ಆದರೆ ಒಂದು ಗುಟ್ಟು ನನಗೊಬ್ಬನಿಗೇ ಗೊತ್ತಿತ್ತು. ಅಜ್ಜಿಗೆ ಸಕ್ಕರೆ ಕಾಯಿಲೆ; ಅಂಗಾಲು ಸದಾ ಉರಿಯುತ್ತಿತ್ತು. ಒಂದು ದಿನ ನಸುಕಿನಲ್ಲಿ ಬಾಗಿಲು ತೆರೆದವನು ಕಂಡದ್ದೇನು? ಹಾಳು ಎಂದು ಸಾರಿದ ಮಹಾತಾಯಿ ಸೀರೆಯ ನಿರಿಗೆ ಎತ್ತಿ ಹಿಡಿದು, ಮಂಜು ಹನಿಸಿದ ಹುಲ್ಲಿನ ಮೇಲೆ ಗೇಟಿನಿಂದ ತುಳಸಿಕಟ್ಟೆಯವರೆಗೆ ಬರಿಗಾಲಲ್ಲಿ ಹೋಗಿ ಬರುತ್ತಿದ್ದಳು. ಕಣ್ಣು ಮುಚ್ಚಿದ್ದಳು. ಮುಖದಲ್ಲಿ ಹೋಳಿಗೆ ತಿಂದ ಕಳೆ. ನನ್ನನ್ನು ಕಂಡದ್ದೇ ನಿರಿಗೆ ಬಿಟ್ಟಳು.

"ಬೆಕ್ಕು ಬಂದಿತ್ತು, ಹೊಡ್ಯಾಕ ಬಂದಿದ್ದೆ."

"ಬರಿಗಾಲಲೇ?"

"ಬೆಕ್ಕು ಏನು ಬೂಟು ಹಾಕ್ಕೊಂಡು ಬಂದಿತ್ತೇನೋ? ಯಾರ ಮುಂದರ ಅಂದ್ಯೋ, ನಾಲಿಗಿ ಕೀಳ್ತೇನಿ."

ನಾನು ಅನ್ನಲಿಲ್ಲ. ಆಮೇಲೆ ದಿನಾ ನಸುಕಿನಲ್ಲಿ ಬೆಕ್ಕು ಬರುತ್ತಲೇ ಇತ್ತು.

ಹೀಗಿರುವಾಗ ರೋಹಿಣಿ ಮಳೆ ಬಿತ್ತು. ಎಂಥ ಮಳೆಯೆಂದರೆ, ಸಂಜೆ ಪಾದದ ಮಟ್ಟ ಇದ್ದ ಹುಲ್ಲು ಬೆಳಗ್ಗೆ ನನಗೆ ಎದುರು ನಿಂತು ನಮಸ್ಕಾರ ಎಂದಿತು. ವಾರ ಕಳೆಯುವುದರೊಳಗೆ ಮೊಣಕಾಲಿಗೆ ಬಂತು. ಅವ್ವನಿಗೆ ಅದರಲ್ಲಿ ಹುಳ ಹರಿದಂತೆ ಕಂಡಿತು. ನಮ್ಮಲ್ಲಿ ಹುಳ ಎಂದರೆ ಹಾವು. ಅಪ್ಪನಿಗೆ ಇಷ್ಟೇ ಬೇಕಾಗಿತ್ತು. ಅವತ್ತೇ ಟ್ರ್ಯಾಕ್ಟರಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ತರಿಸಿ ಕಂಪೌಂಡಿಗೆ ಒರಗಿಸಿ ನಿಲ್ಲಿಸಿದ.

"ನಾನೂ ನಿಮ್ಮವ್ವಾನೂ ಕೊಣ್ಣೂರಿಗೆ ಕೂಸಿನ ತಲಿ ಬೋಳಸೂ ಜವಳಕ್ಕ ಹೊಂಟೇವಿ. ನಾ ತಿರುಗಿ ಬರೂದರಾಗ ಈ ಹುಲ್ಲು ಕಾಲುಗುರಿನಷ್ಟ ಆಗಿರಬೇಕು. ಇಲ್ಲಾಂದ್ರ ಗೌಂಡಿಗೆ ಹೇಳೇನಿ, ಗೇಟಿನಿಂದ ಬಾಗಲ ಮಟಾ ಫರ್ಸಿ ಹಾಸ್ತಾನ."

"ಹ್ಯಾಂಗ ಕತ್ತರಸ್ಲಿ?"

"ಅದನ್ನ ಹಚ್ಚೂಮುಂದ ಕೇಳಿದ್ಯಾ ನನ್ನ?"

ಅವರ ಬಸ್ಸು ಹೋಯಿತು. ಅಜ್ಜಿ ಕಟ್ಟೆಯ ಮೇಲೆ ಕೂತು ಫರ್ಸಿಯನ್ನೇ ನೋಡುತ್ತಿದ್ದಳು. ಬೇಸಿಗೆಯಲ್ಲಿ ಫರ್ಸಿಯ ಮೇಲೆ ರೊಟ್ಟಿ ಬೇಯಿಸಬಹುದು. ಉರಿಯುವ ಅಂಗಾಲನ್ನು ಅಲ್ಲಿ ಇಡುವುದು ಹೇಗೆ? "ಏನರ ಮಾಡು ತಮ್ಮಾ" ಎಂದಳು, ಕಲ್ಲಿನಿಂದ ಕಣ್ಣು ತೆಗೆಯದೆ. "ಆದ್ರ ನನ್ನ ಹೆಸರು ತರಬ್ಯಾಡ."

ಅಲ್ಲಿಂದ ನನ್ನ ಅಂಡಿಗೆ ಇರುವೆ ಹತ್ತಿತು. ಕೂತರೆ ನಿಲ್ಲಬೇಕು ಅನ್ನಿಸುತ್ತಿತ್ತು, ನಿಂತರೆ ಗೇಟಿಗೆ ಹೋಗಬೇಕು, ಗೇಟಿಗೆ ಹೋದರೆ ಹುಲ್ಲು ಇನ್ನೂ ಬೆಳೆಯುತ್ತಿರುವ ಸಪ್ಪಳ ಕೇಳಿಸುತ್ತಿತ್ತು. ಮೊದಲು ನೆನಪಾದದ್ದು ಗಜೇಂದ್ರಗಡದ ಗೆಳೆಯ. ಅವನು ಕೆಲಸ ಮಾಡುವ ಕಲ್ಯಾಣ ಮಂಟಪದಲ್ಲಿ ಲಾನ್ ಕತ್ತರಿಸುವ ತಳ್ಳುಗಾಡಿ ಇದೆ ಎಂದು ಕೇಳಿದ್ದೆ. ಬೈಕ್ ಹತ್ತಿ ಗುಡ್ಡ ಕಾಣುವವರೆಗೂ ನಿಲ್ಲಿಸಲಿಲ್ಲ. ಗೆಳೆಯ ಗೋದಾಮಿನ ಬಾಗಿಲು ತೆರೆದು ತೋರಿಸಿದ. ಗಾಡಿಯ ಬ್ಲೇಡಿನ ಜಾಗದಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು.

"ಮರಿ ಆದ ಮ್ಯಾಲೆ ಬಾ" ಎಂದ.

ಅಲ್ಲಿಂದ ತಿರುಗಿ ಬಂದು ಪಕ್ಕದ ಮನೆಯ ಚಾಚಾನ ಕಾಲಿಗೆ ಬಿದ್ದೆ. ಚಾಚಾಗೆ ವೆಲ್ಡಿಂಗ್ ಅಂಗಡಿ. ರೋಣದ ಅರ್ಧ ಕುಂಟೆ, ನೇಗಿಲು ಅವನ ಕೈಯಲ್ಲೇ ರಿಪೇರಿಯಾಗುತ್ತವೆ. ಯಾರೋ ರಿಪೇರಿಗೆ ಬಿಟ್ಟು ಹೋಗಿದ್ದ, ಹೆಗಲಿಗೆ ಹಾಕಿಕೊಳ್ಳುವ ಕಳೆ ಕತ್ತರಿಸುವ ಮಷಿನ್ ಅವನ ಬಳಿ ಇತ್ತು.

"ನಡಸಾಕ ಬರ್ತೈತೇನು ಬೇಟಾ?"

"ಮೊಬೈಲ್‌ನ್ಯಾಗ ನೋಡೇನ್ರಿ ಚಾಚಾ."

"ಮೊಬೈಲ್‌ನ್ಯಾಗ ನಾನು ವಿಮಾನ ನಡಸೂದೂ ನೋಡೇನಿ. ಯಾರರ ಕೊಟ್ಟಾರೇನು?"

ಕೊನೆಗೂ ಕೊಟ್ಟ. ನಾನು ಕಣ್ಣಿಗೆ ಕನ್ನಡಕ, ತಲೆಗೆ ಹೆಲ್ಮೆಟ್, ಕಾಲಿಗೆ ಅಪ್ಪನ ಬೂಟು ಹಾಕಿಕೊಂಡು ಹಗ್ಗ ಎಳೆದೆ. ಮಷಿನ್ ಚಾಲೂ ಆಯಿತು. ನಿಲ್ಲಿಸುವುದು ಹೇಗೆ ಎಂಬ ವಿಡಿಯೋ ನಾನು ನೋಡಿರಲಿಲ್ಲ. ಅದು ನನ್ನನ್ನು ಎಳೆದುಕೊಂಡು ಹೋದ ಕಡೆಯೆಲ್ಲ ಹೋದೆ. ಹಸಿ ಎರೆಮಣ್ಣು ಹಾರಿ ಗೋಡೆಗೆ ಅಂಟಿತು, ಅಜ್ಜಿ ಒಣಹಾಕಿದ್ದ ಶಾಂಡಿಗೆಗೆ ಅಂಟಿತು, ಶಾಂಡಿಗೆ ಕಾಯುತ್ತಿದ್ದ ಅಜ್ಜಿಗೂ ಅಂಟಿತು. ಚಾಚಾ ಓಡಿ ಬಂದು ಎಂಜಿನ್ನಿನ ಪ್ಲಗ್ ಕಿತ್ತಾಗ ಅಂಗಳದ ನಡುವೆ ಬೋಳು ಬಿದ್ದಿತ್ತು. ಸುತ್ತ ಹುಲ್ಲು ಮೊದಲಿನಷ್ಟೇ ಎತ್ತರ.

"ಇದು ಕಟಿಂಗ್ ಅಲ್ಲ ಬೇಟಾ" ಎಂದ ಚಾಚಾ, ಕೈ ಒರೆಸಿಕೊಳ್ಳುತ್ತ. "ಇದು ಜವಳ. ಅಲ್ಲಿ ಕೊಣ್ಣೂರಾಗ ಒಂದು, ಇಲ್ಲಿ ಒಂದು."

ಅಜ್ಜಿ ಮುಖದ ಮಣ್ಣು ಒರೆಸಿಕೊಂಡು ಒಳಗಿನಿಂದ ಕುಡುಗೋಲು ತಂದು ನನ್ನ ಮುಂದೆ ಎಸೆದಳು. ಕೂತು ಕೊಯ್ದೆ. ಮೊಳದಷ್ಟು ಮುಗಿಯುವುದರೊಳಗೆ ಬೆರಳಿಗೆ ಬೊಬ್ಬೆ, ಸೊಂಟಕ್ಕೆ ಉಳುಕು. ಮುತ್ತಜ್ಜನ ನೆನಪಾಗಿ ಕಣ್ಣೀರು ಬಂತು. ಮರುದಿನ ಬೆಳಗ್ಗೆ ಅಪ್ಪನ ಫೋನು: "ಜವಳ ಮುಗೀತು. ನಾಳಿ ಮುಂಜಾನೆ ಮೊದಲ ಬಸ್ಸಿಗೆ ಬರ್ತೇವಿ. ಗೌಂಡೀನೂ ಬರ್ತಾನ."

ಬೈಕ್ ಹತ್ತಿದೆ. ಎಲ್ಲಿಗೆ ಎಂದು ನನಗೂ ಗೊತ್ತಿರಲಿಲ್ಲ, ಬೈಕಿಗೂ ಗೊತ್ತಿರಲಿಲ್ಲ. ಅದು ಜಕ್ಕಲಿ ರಸ್ತೆ ಹಿಡಿಯಿತು. ಒಂದು ಬೇವಿನ ಮರದ ಹತ್ತಿರ ಕುರಿ ಹಿಂಡು ಮೇಯುತ್ತಿತ್ತು. ನಾನು ನಿಂತು ನೋಡಿದೆ. ಒಂದೊಂದು ಕುರಿಯೂ ನೆಲಕ್ಕೆ ಬಾಯಿ ಹಚ್ಚಿ, ಹುಲ್ಲನ್ನು ಕಾಲುಗುರಿನಷ್ಟಕ್ಕೆ ಕತ್ತರಿಸಿಕೊಂಡು ಹೋಗುತ್ತಿತ್ತು! ಪೆಟ್ರೋಲ್ ಬೇಡ, ಪ್ಲಗ್ ಬೇಡ. ನನ್ನ ಬುದ್ಧಿಗೆ ನಾನೇ ಬೆನ್ನು ಚಪ್ಪರಿಸಿಕೊಂಡು, ಕಂಬಳಿ ಹೊದ್ದು ಕೂತಿದ್ದ ಕುರಿಯವನ ಹತ್ತಿರ ಹೋದೆ.

"ಕಾಕಾರ, ಒಂದೆರಡು ಕುರಿ ಕೊಡ್ತೀರೇನ್ರಿ?"

"ಯಾಕ, ಬೀಗರು ಬಂದಾರೇನು?"

"ನಾವು ತಿನ್ನಾಕಲ್ರಿ. ಅವು ತಿನ್ನಾಕ. ನಮ್ಮನಿ ಮುಂದ ಹುಲ್ಲು ಭಾಳ ಐತಿ."

ಅವನು ಬೀಡಿ ಬಾಯಿಂದ ತೆಗೆದ. "ಕುರಿಗೆ ಊಟಕ್ಕ ಹೇಳಾಕ ಬಂದಿಯಾ? ನಾ ಹುಟ್ಟಿದಾಗಿಂದ ಇದ ಮೊದಲು ನೋಡು." ಆಮೇಲೆ, "ಕುರಿ ಅಂದ್ರ ಬಾಡಿಗಿ ಸೈಕಲ್ ಏನೋ ತಮ್ಮಾ, ಎರಡು ಒಯ್ದು ತಂದು ಬಿಡಾಕ? ಒಂದು ಹೊಂಟ್ರ ಎಲ್ಲಾ ಹೊಂಡ್ತಾವ."

"ಹಂಗಾದ್ರ ಎಲ್ಲಾ ಬರ್ಲಿ ಬಿಡ್ರಿ" ಎಂದೆ, ದೊಡ್ಡ ಒಕ್ಕಲುತನದ ಮನೆಯವನ ಗತ್ತಿನಲ್ಲಿ.

ನಾನು ಯಾರ ಪೈಕಿ ಎಂದು ಅವನು ವಿಚಾರಿಸಿದ. ಹೇಳಿದೆ. ಕಂಪೌಂಡು ಇದೆಯೇ ಎಂದ. ಗೇಟೂ ಇದೆ ಎಂದೆ. "ಚಲೋ ಆತು. ಇವತ್ತು ನಿಲ್ಲೋ ಹೊಲ ಮಳಿಗೆ ರಾಡಿ ಆಗೇತಿ. ಸಂಜಿಗೆ ಬರ್ತೇವಿ. ನಾಕು ರೊಟ್ಟಿ, ಒಂದೀಟು ಜೋಳ ತಗದಿಡು."

ರೊಟ್ಟಿ, ಜೋಳ ಎಂದಾಗಲೇ ನನ್ನ ತಲೆಯಲ್ಲಿ ಗಂಟೆ ಬಾರಿಸಬೇಕಿತ್ತು. ನಮ್ಮ ಸೀಮೆಯಲ್ಲಿ ಕುರಿಯನ್ನು ಯಾರೂ ತಿನ್ನಲು ಕರೆಯುವುದಿಲ್ಲ, ನಿಲ್ಲಲು ಕರೆಯುತ್ತಾರೆ. ಬಿತ್ತನೆಗೆ ಮೊದಲು ಹಿಂಡನ್ನು ರಾತ್ರಿಯಿಡೀ ಹೊಲದಲ್ಲಿ ತರುಬಿಸುತ್ತಾರೆ. ಅವು ಹಾಕುವ ಹಿಕ್ಕೆಯೇ ಗೊಬ್ಬರ. ಅದಕ್ಕೇ ಕುರಿಯವನಿಗೆ ಜೋಳ, ರೊಟ್ಟಿ. ಇದು ಒಕ್ಕಲಿಗರ ಮನೆಯ ತೊಟ್ಟಿಲ ಕೂಸಿಗೂ ಗೊತ್ತು. ಆದರೆ ನನ್ನ ತಲೆಯಲ್ಲಿ ಆಗ ಕತ್ತರಿಯ ಸಪ್ಪಳ ಬಿಟ್ಟರೆ ಬೇರೇನೂ ಇರಲಿಲ್ಲ.

ಸಂಜೆ ಓಣಿಯ ತುದಿಯಿಂದ ಕುರಿಯ ವಾಸನೆ ಬಂತು. ಆಮೇಲೆ ಬ್ಯಾ ಎನ್ನುವ ಸಪ್ಪಳ. ಆಮೇಲೆ ಓಣಿಯೇ ಕಾಣಲಿಲ್ಲ. ಗೇಟು ತೆರೆದದ್ದಷ್ಟೇ ನೆನಪು. ನಾನು ತುಳಸಿಕಟ್ಟೆ ಹತ್ತಿ ನಿಂತೆ. ಅಜ್ಜಿ ಬಾಗಿಲಿಗೆ ಬಂದಳು.

"ಏನೋ ಇದು?"

"ಹುಲ್ಲು ಮೇಯಾಕ ಕರದೇನಿ, ಅಜ್ಜಿ."

"ಕುರಿ ತರುಬಾಕ ಹೇಳಿ ಬಂದಿಯಲ್ಲೋ ಹುಚ್ಚಪ್ಯಾಲಿ! ಇವು ಇನ್ನ ಮುಂಜಾನಿ ಮಟಾ ಏಳಂಗಿಲ್ಲ!"

ಖರೇ ಹೇಳಬೇಕೆಂದರೆ, ಚಹಾ ಕುಡಿಯುವಷ್ಟರಲ್ಲಿ ಹುಲ್ಲು ಮುಗಿದಿತ್ತು. ಆಮೇಲೆ ಚೆಂಡುಹೂವಿನ ಗಿಡ ಮುಗಿಯಿತು. ಆಮೇಲೆ ನನ್ನ ಹೊಸ ಚಪ್ಪಲಿಯ ಪಟ್ಟಿ. ಅಷ್ಟಾದ ಮೇಲೆ ಹಿಂಡಿಗೆ ಹಿಂಡೇ ನೆಲಕ್ಕೆ ಕೂತು ಮೆಲುಕು ಹಾಕತೊಡಗಿತು. ಅಜ್ಜಿ ಬೈಯುತ್ತಲೇ ರೊಟ್ಟಿ ಬಡಿದು ಕುರಿಯವನಿಗೆ ಉಣ್ಣಲಿಕ್ಕೆ ಕೊಟ್ಟಳು. ನಾನು ರಾತ್ರಿಯಿಡೀ ಮಗ್ಗಲು ಬದಲಿಸಿದೆ. ಹೊರಗೆ ಒಂದು ಕುರಿ ಕೆಮ್ಮಿದರೆ ಅಪ್ಪ ಬಂದನೆಂದು ಎದ್ದು ಕೂರುತ್ತಿದ್ದೆ.

ಬೆಳಗಾಗುವುದರೊಳಗೆ ಹಿಂಡು ಹೋಗಿತ್ತು. ಬಾಗಿಲು ತೆರೆದೆ. ಹುಲ್ಲು ಕಾಲುಗುರಿನಷ್ಟೇ ಇತ್ತು, ನಡುವಿನ ಬೋಳು ಬಿಟ್ಟರೆ ಒಂದೇ ಸಮ, ಹಜಾಮನೂ ನಾಚುವ ಹಾಗೆ. ಆದರೆ ಕಾಣುತ್ತಿರಲಿಲ್ಲ. ಗೇಟಿನಿಂದ ಬಾಗಿಲವರೆಗೆ ಹಿಕ್ಕೆಯ ಕಪ್ಪು ಜಮಖಾನೆ ಹಾಸಿತ್ತು. ಪೊರಕೆ ಎಲ್ಲಿದೆ ಎಂದು ಹುಡುಕುತ್ತಿದ್ದಂತೆ ಗೇಟು ಕಿರ್ರೆಂದಿತು. ಅಪ್ಪ, ಅವ್ವ. ಹಿಂದೆ ಸೈಕಲ್ಲಿನಲ್ಲಿ ಗೌಂಡಿ.

ಅವ್ವ ಮೂಗು ಮುಚ್ಚಿಕೊಂಡಳು. ಅಪ್ಪ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಹಿಕ್ಕೆ ತೆಗೆದು, ಅಂಗೈಯಲ್ಲಿ ತಿಕ್ಕಿ, ಮೂಸಿದ. ಕರಿಕೆ ಮೂಸಿದಾಗಿನ ಮುಖ ಅಲ್ಲ ಅದು.

"ಯಾರ ಹಿಂಡು?"

ಹೇಳಿದೆ.

"ಅಂವನ್ನ ಬ್ಯಾಸಗ್ಯಾಗಿಂದ ಹೊಲಕ್ಕ ಕರ್ಯಾಕತ್ತೇನಿ. ಪಾಳಿ ಇಲ್ಲ, ಪಾಳಿ ಇಲ್ಲ ಅಂದ ಮಗ! ನಿನ್ನ ಅಂಗಳಕ್ಕ ಬಂದು ನಿಂತ್ನ?" ಅಪ್ಪನಿಗೆ ಸಿಟ್ಟು ಬಂದಿದೆಯೋ ಹೆಮ್ಮೆಯೋ ತಿಳಿಯದೆ ನಾನು ಎರಡಕ್ಕೂ ತಯಾರಾಗಿ, ಓಡಲು ಒಂದು ಕಾಲು ಮುಂದಿಟ್ಟು ನಿಂತಿದ್ದೆ.

ಗೌಂಡಿ ದಾರ ಹಿಡಿದು ಮುಂದೆ ಬಂದ. "ಎಲ್ಲಿಂದ ಹಿಡೀಲ್ರಿ ಧಣ್ಯಾರ?"

"ಏ, ಸರಿ ಆ ಕಡೆ! ತುಳೀಬ್ಯಾಡ!" ಅಪ್ಪ ಚೀರಿದ. "ಕುರಿ ನಿಂತ ನೆಲಕ್ಕ ಕಲ್ಲು ಹಾಕ್ತಾರೇನು? ಮಂದಿ ಉಗಳ್ತಾರ. ಫರ್ಸಿ ಹಿತ್ತಲಕ್ಕ ಒಯ್ದು ಬಚ್ಚಲ ಮುಂದ ಹಾಕು."

ನಾನು ಒಳಗೊಳಗೇ ಕುಣಿದೆ. ಕುಣಿತ ಮುಗಿಯುವ ಮೊದಲೇ ಅಪ್ಪ ಎದ್ದು ಅಂಗಳವನ್ನು ಅಳೆಯುವಂತೆ ನೋಡಿ, "ಇಲ್ಲಿ ಬದನಿ ಹಚ್ಚೂನು. ಆ ಕಡೆ ಮೆಣಸಿನಗಿಡ. ಕರಕಿ ಎಲ್ಲಾ ಅಗದು ತಗಿ" ಎಂದ.

ಹುಲ್ಲು ಕಲ್ಲಿನಿಂದ ತಪ್ಪಿಸಿಕೊಂಡು ಬದನೆಯ ಬಾಯಿಗೆ ಬಿತ್ತು. ನಾನು ಅಜ್ಜಿಯ ಮುಖ ನೋಡಿದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹಾಳು ಎಂದು ಓಣಿಗೆಲ್ಲ ಸಾರಿದ ಬಾಯಿ ಅದು. ಕೊನೆಗೆ ಅದೇ ತೆರೆಯಿತು.

"ಎಲ್ಲಾ ಅಗೀಬ್ಯಾಡ. ಗೇಟಿನಿಂದ ತುಳಸಿಕಟ್ಟಿ ಮಟಾ ಬಿಡು."

"ಯಾಕಬೇ?"

"ನಾ ಅಡ್ಡಾಡ್ತೇನಿ."

"ಈ ಹಾಳಾಗ? ಯಾವಾಗ ಅಡ್ಡಾಡ್ತಿ ನೀ?"

ಅಜ್ಜಿ ನಿರಿಗೆ ಎತ್ತಿದಳು, ಹೊಸ್ತಿಲು ಇಳಿದಳು, ಹಿಕ್ಕೆಯ ಜಮಖಾನೆಯ ಮೇಲೆ ಬರಿಗಾಲಲ್ಲಿ ತುಳಸಿಕಟ್ಟೆಯವರೆಗೆ ಹೋಗಿ ತಿರುಗಿ ಬಂದಳು. ಅಪ್ಪ ಅವಳ ಕಾಲನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು, "ಬೆಕ್ಕು ಹೊಡ್ಯಾಕ ಬರ್ತಾಳ" ಎಂದೆ. ಅಜ್ಜಿ ಹಾದುಹೋಗುತ್ತ ನನ್ನ ತಲೆಗೆ ಒಂದು ಕೊಟ್ಟಳು. ಅಪ್ಪ ಗೌಂಡಿಯ ಕೈಯಿಂದ ದಾರ ಇಸಿದುಕೊಂಡು, ಗೇಟಿನಿಂದ ತುಳಸಿಕಟ್ಟೆಯವರೆಗೆ ಹುಲ್ಲಿನ ಪಟ್ಟಿಗೆ ತಾನೇ ಗುರುತು ಹಾಕಿದ.

ಈಗ ಅತ್ತಲೂ ಬದನೆ, ಇತ್ತಲೂ ಮೆಣಸಿನಗಿಡ, ನಡುವೆ ಅಜ್ಜಿಯ ಹುಲ್ಲು. ಕುರಿ ಅವತ್ತು ತಿಂದದ್ದಕ್ಕಿಂತ ಕೊಟ್ಟುಹೋದದ್ದೇ ಹೆಚ್ಚು. ಹಿಕ್ಕೆ ಉಂಡ ಕರಿಕೆ ಬದನೆಗಿಂತ ಮುಂದೆ ಓಡುತ್ತಿದೆ. ಇನ್ನೊಮ್ಮೆ ಕುರಿ ಕರೆಯೋಣವೆಂದರೆ ಬದನೆ ಉಳಿಯುವುದಿಲ್ಲ. ಚಾಚಾ ಮಷಿನ್ ಮುಚ್ಚಿಟ್ಟಿದ್ದಾನೆ. ಗಜೇಂದ್ರಗಡದ ಕೋಳಿ ಎರಡನೆಯ ಸಲ ಕಾವಿಗೆ ಕೂತಿದೆಯಂತೆ. ಹಾಗಾಗಿ ಕುಡುಗೋಲು ಹಿಡಿದು ಕೂತಿದ್ದೇನೆ. ಈಗ ಹಗಲಿನಲ್ಲೇ ರಾಜಾರೋಷವಾಗಿ ಅಡ್ಡಾಡುವ ಅಜ್ಜಿ ಕಟ್ಟೆಯ ಮೇಲಿನಿಂದ ಕೋಲು ಚಾಚಿ ತೋರಿಸುತ್ತಾಳೆ:

"ಅಲ್ಲಿ ಉಳದೈತಿ ನೋಡು, ನನ್ನ ಎಡಗಾಲು ಬೀಳೂ ಕಡೆ. ಭಾಳ ಸಣ್ಣ ಮಾಡಬ್ಯಾಡ, ಚುಚ್ಚತೈತಿ. ಲಗೂ ಮಾಡು, ನನಗ ಕಾಲು ಉರ್ಯಾಕತ್ತಾವ."