ಮುಧೋಳ, ಕೊಂಬೈ ಮತ್ತು ನಾನು ಆಡದ ಮಾತು

ನಮ್ಮ ಮನೆಯ ನಾಯಿಯ ಕಥೆಯನ್ನು ಯಾರು ಹೇಳಿದರೂ ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತಾರೆ: “ನಮ್ಮ ಹುಡುಗಿ ಅವತ್ತೇ ಹೇಳಿತ್ತು, ಮುಧೋಳ ಬೊಗಳಲ್ಲ ಅಂತ. ಕೇಳ್ಬೇಕಿತ್ತು.” ಆ ಹುಡುಗಿ ನಾನು. ಎದುರಾಳಿಯ ಸಾಕ್ಷ್ಯವನ್ನು ಜರಡಿ ಹಿಡಿಯಬೇಕು ಎಂದು ಚರ್ಚಾಕೂಟದಲ್ಲಿ ಕಲಿತವಳು. ಇಲ್ಲಿ ಎದುರಾಳಿಯೇ ಇಲ್ಲ, ಎಲ್ಲರೂ ನನ್ನ ಪರ. ಆದರೆ ಸಾಕ್ಷ್ಯ ಸುಳ್ಳು. ನಾನು ಹಾಗೆ ಹೇಳಿಯೇ ಇರಲಿಲ್ಲ.

ಎಪ್ಪತ್ತರ ದಶಕದ ಕೊನೆ. ನಾನು ಸಾಗರದಲ್ಲಿ ಡಿಗ್ರಿ ಓದುತ್ತಿದ್ದೆ. ಹೊಸನಗರದಿಂದ ನಗರ ಎಂಬ ಊರಿನ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಕೊಟ್ಟಿಗೆ ಮಾತ್ರ ಕೂಗಳತೆ ದೂರದಲ್ಲಿ, ದನ ಮೇಯುವ ಬ್ಯಾಣದ ಅಂಚಿಗೆ. ಆ ವರ್ಷ ಕಿರುಬನ, ಅಂದರೆ ಚಿರತೆಯ, ಕಾಟ. ಅಕ್ಕಪಕ್ಕದ ಮನೆಗಳ ಕರುಗಳು ಒಂದೊಂದಾಗಿ ಹೋಗುತ್ತಿದ್ದವು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದ ಅತ್ತೆ, ಅಂದರೆ ಅಪ್ಪನ ತಂಗಿ, ಬರುವಾಗ ಹೊಡೆದುಕೊಂಡು ಬಂದಿದ್ದು ಒಂದು ಕಂದು ಹಸು. ಮನೆಯಲ್ಲಿ ‘ನಂದು’ ಎಂದು ಅವಳು ಹೇಳಬಹುದಾಗಿದ್ದದ್ದು ಅದೊಂದೇ. ಅದು ಕರು ಹಾಕಿತ್ತು. ಮುಂಜಾನೆ, ಮುಸ್ಸಂಜೆ ಕೊಟ್ಟಿಗೆಗೆ ಹೋಗುವವಳು ಅವಳೊಬ್ಬಳೇ. ನಾಯಿ ಬೇಕೆಂದು ಹೊರಟದ್ದು ಆ ಕಾರಣಕ್ಕೆ.

ಊರ ನಾಯಿಗಳನ್ನು ಕಿರುಬ ಹಲಸಿನ ತೊಳೆ ತಿಂದಂತೆ ತಿಂದು ಮುಗಿಸಿತ್ತು. ಹಾಗಾಗಿ ದೊಡ್ಡಪ್ಪ ಜಾತಿ ನಾಯಿಯೇ ಆಗಬೇಕೆಂದ. ಎರಡು ದಾರಿ ಇದ್ದವು. ಸಾಗರದಲ್ಲಿ ಅವನ ಗೆಳೆಯನ ಲಾರಿ ಬಿಜಾಪುರದ ಕಡೆಗೆ ಓಡುತ್ತಿತ್ತು. ಅಲ್ಲಿಂದ ಮುಧೋಳದ ಮರಿಗಳು ಬಂದಿದ್ದವು. ತೀರ್ಥಹಳ್ಳಿಯಲ್ಲಿ ಮರದ ನಾಟಾ ಕಂಟ್ರಾಕ್ಟರೊಬ್ಬರ ಬಳಿ ತಮಿಳು ಸೀಮೆಯ ಕೊಂಬೈ ತಳಿಯ ಹೆಣ್ಣು ನಾಯಿ ಮರಿ ಹಾಕಿತ್ತು. ಎರಡೂ ನಮ್ಮ ಕಡೆ ಯಾರೂ ಕಂಡರಿಯದವು.

ಭಾನುವಾರ ಊಟವಾದ ಮೇಲೆ ದೊಡ್ಡಪ್ಪನಿಗೆ ತಮಾಷೆ ಹೊಳೆಯಿತು. “ಡಿಬೇಟಲ್ಲಿ ಶೀಲ್ಡ್ ತಂದಿದ್ದೀಯಲ್ಲ, ನಿಮ್ಮಣ್ಣನ ಸಂಗಡ ವಾದ ಮಾಡು. ನಾನು ಜಡ್ಜ್.” ಅಣ್ಣ ಎಂದರೆ ದೊಡ್ಡಪ್ಪನ ಮಗ. ಯಾರಿಗೆ ಯಾವ ಪಕ್ಷ? ದೊಡ್ಡಪ್ಪ ಎರಡೂ ಮುಷ್ಟಿ ಚಾಚಿದ. ಅಡಿಕೆ ಇದ್ದ ಮುಷ್ಟಿ ಮುಧೋಳ, ಖಾಲಿಯದು ಕೊಂಬೈ. ನಾನು ಮುಟ್ಟಿದ್ದು ಖಾಲಿ ಮುಷ್ಟಿ.

ಅಣ್ಣ ಶುರುಮಾಡಿದ. “ರಾಜರು ಸಾಕಿದ ನಾಯಿ ಅದು. ಕಾರಿನ ಹಿಂದೆ ಬಿಟ್ರೆ ಕಾರೇ ಸೋಲ್ತದೆ.”

“ನಮ್ಮನೇಲಿ ಕಾರು ಎಲ್ಲಿದೆ ಮಾರಾಯ? ನಿನ್ನ ಸೈಕಲ್ಲಿಗೆ ಊರಿನ ಕೋಳಿನೂ ಸೋಲಲ್ಲ.”

ಎಲ್ಲರೂ ನಕ್ಕರು. ನನಗೆ ಹುರುಪು ಬಂತು. ಮುಧೋಳ ಕಣ್ಣಿನಿಂದ ಬೇಟೆಯಾಡುವ ಬಯಲುಸೀಮೆ ನಾಯಿ, ಲಂಟಾನದ ಪೊದೆ-ಮಟ್ಟಿಯಲ್ಲಿ ಅದಕ್ಕೆ ಕಾಣುವುದೇನು ಎಂದೆ. ತೆಳುಚರ್ಮಕ್ಕೆ ರಕ್ತ ಹೀರುವ ಇಂಬಳ ಹತ್ತಿದರೆ ಗತಿಯೇನು, ಕೊಂಬೈಯಾದರೆ ಹಂದಿಯನ್ನೇ ತಡೆದು ನಿಲ್ಲಿಸುತ್ತದೆ ಎಂದೆ. ಇದರಲ್ಲಿ ಅರ್ಧ ಕೇಳಿದ್ದು, ಇನ್ನರ್ಧ ಬಾಯಿಗೆ ಬಂದದ್ದು.

ಮಜ್ಜಿಗೆ ತಂದ ಅತ್ತೆ ಬಾಗಿಲಲ್ಲೇ ನಿಂತು ಕೇಳಿದಳು: “ಅಲ್ಲಾ, ಅದು ಬೊಗಳ್ತದನಾ?”

“ಬೊಗಳಕ್ಕೆ ಮನೇಲೇ ಒಬ್ಬಳು ಇದ್ದಾಳಲ್ಲ ಅತ್ತೆ, ಶೀಲ್ಡ್ ತಂದೋಳು” ಎಂದ ಅಣ್ಣ.

ನಾನು ಬಿಡಲಿಲ್ಲ. “ಬಾಲ ಅಲ್ಲಾಡ್ಸಕ್ಕೆ ನೀನಿದ್ದೀಯಲ್ಲ, ಜೋಡಿ ಆಯ್ತು.”

ಮತ್ತೆ ನಗು. ಆ ನಗುವಿನಲ್ಲಿ ಅವಳ ಪ್ರಶ್ನೆ ಮುಳುಗಿತು. ಅವಳು ಕೇಳಿದ್ದು ಯಾವ ನಾಯಿಯ ಬಗ್ಗೆ ಎಂದೂ ಯಾರೂ ವಿಚಾರಿಸಲಿಲ್ಲ. ಲೋಟಗಳನ್ನು ಇಟ್ಟು ಒಳಗೆ ಹೋದಳು. ದೊಡ್ಡಪ್ಪ ತೀರ್ಪು ಕೊಟ್ಟ: “ಗೆದ್ದಿದ್ದು ನೀನೇ. ಆದ್ರೆ ನಾಯಿ ಮುಧೋಳ. ಬಂದವರು ನೋಡೋ ಹಾಗಿರ್ಬೇಕು.”

ಸಾಗರದ ಲಾರಿ ಷೆಡ್ಡಿನಲ್ಲಿ ಮರಿ ಆರಿಸುವಾಗ ನಾನೂ ಇದ್ದೆ. ನಮ್ಮಲ್ಲಿ ಹಳೆಯ ಪರೀಕ್ಷೆಯೊಂದಿದೆ: ಕತ್ತಿನ ಚರ್ಮ ಹಿಡಿದು ಮರಿಯನ್ನು ಮೇಲೆತ್ತುವುದು; ಕುಂಯ್‌ಗುಡದ ಮರಿಗೆ ಎದೆಗಾರಿಕೆ ಜಾಸ್ತಿ. ದೊಡ್ಡಪ್ಪ ಒಂದೊಂದನ್ನೇ ಎತ್ತಿದ. ಪಿಟ್ಟೆನ್ನದ ಒಂದು ಸಿಕ್ಕಿತು. ಮೊದಲೇ ಮಾತು ಕಡಿಮೆಯ ಜಾತಿ, ಅದರಲ್ಲೂ ಮೂಗನನ್ನೇ ಹುಡುಕಿ ತೆಗೆದೆವು. ಮಡಿಲಲ್ಲಿಟ್ಟುಕೊಂಡು ನಾನೇ ಬಸ್ಸಿನಲ್ಲಿ ತಂದೆ. ಕಂಡಕ್ಟರನಿಗೆ ಅದು ಇರುವುದೇ ಗೊತ್ತಾಗಲಿಲ್ಲ.

ನಾಯಿ ಚೆಂದವಾಗಿ ಬೆಳೆಯಿತು. ಬ್ಯಾಣದಲ್ಲಿ ಅದು ಓಡುವುದನ್ನು ನೋಡಲು ಬಸ್ಸಿನವರೂ ನಿಧಾನ ಮಾಡುತ್ತಿದ್ದರು. ಒಂದು ಮುಸ್ಸಂಜೆ ಅತ್ತೆ ಚೊಂಬು ಹಿಡಿದು ಹಾಲು ಕರೆಯಲು ಹೋದಳು. ನಾಯಿ ಕೊಟ್ಟಿಗೆಯ ಬಾಗಿಲಲ್ಲಿ ಒಳಗೆ ನೋಡುತ್ತಾ ಸೆಟೆದು ನಿಂತಿತ್ತು, ಸದ್ದಿಲ್ಲದೆ. ತನ್ನನ್ನೇ ಕಾಯುತ್ತಿದೆ ಅಂದುಕೊಂಡು ಅತ್ತೆ ಒಳಗೆ ಕಾಲಿಟ್ಟಳು. ಕಿರುಬ ಕರುವಿನ ಮೇಲಿತ್ತು. ಅದು ಅವಳನ್ನು ಕೆಡವಿಕೊಂಡೇ ಹೊರಗೆ ನೆಗೆಯಿತು. ಅವಳು ಬಿದ್ದದ್ದು ಕಲ್ಲಿನ ಬಾನಿಯ ಮೇಲೆ. ಕರು ಉಳಿಯಲಿಲ್ಲ. ಅವಳ ಮುರಿದ ಬಲಗೈ ಕೂಡಿಕೊಂಡಿತು, ಆದರೆ ಬೆರಳು ಮಡಚುವುದಿಲ್ಲ. ಕರೆಯಲಾಗದ ಮೇಲೆ ಹಸು ತೀರ್ಥಹಳ್ಳಿಯ ನೆಂಟರ ಮನೆಗೆ ಹೋಯಿತು.

ನೋಡಲು ಬಂದವರಿಗೆ ದೊಡ್ಡಪ್ಪ ಹೇಳತೊಡಗಿದ್ದು ಆಗಲೇ: ನಮ್ಮ ಹುಡುಗಿ ಅವತ್ತೇ ಹೇಳಿತ್ತು. ಅವನಿಗೂ ಸಂಕಟವಿತ್ತು, ಒಪ್ಪುತ್ತೇನೆ. ಆದರೆ ಡಿಗ್ರಿ ಓದುವ ಹುಡುಗಿಯ ಮಾತು ಕೇಳಲಿಲ್ಲ ಎನ್ನುವುದು ಸಹಿಸಬಹುದಾದ ನಾಚಿಕೆ. ಅಡುಗೆಮನೆ ಬಾಗಿಲಲ್ಲಿ ನಿಂತ ತಂಗಿಯ ಮಾತನ್ನು ಕೇಳಲಿಲ್ಲ ಎನ್ನುವುದು ಸಹಿಸಲಾಗದ್ದು. “ದೊಡ್ಡಪ್ಪ, ಬೊಗಳೋ ವಿಷಯ ನಾನು ಎತ್ತಲಿಲ್ಲ, ಅತ್ತೆ ಕೇಳಿದ್ದು” ಎಂದೆ. ಅವನು ನೆಂಟರ ಕಡೆ ತಿರುಗಿ, “ನೋಡಿ, ಹೊಗಳಿದ್ರೆ ಒಪ್ಪಲ್ಲ ಇದು. ಎಷ್ಟು ವಿನಯ” ಎಂದ.

ಮಾತಿನಲ್ಲಿ ಯಾರನ್ನೂ ಬಿಡದವಳು ಅಲ್ಲಿ ಬಾಯಿಮುಚ್ಚಿದೆ. ಅಡಿಕೆ ಇದ್ದ ಮುಷ್ಟಿ ಮುಟ್ಟಿದ್ದರೆ ಮುಧೋಳದ ಪರವೇ ವಾದಿಸಿ ಗೆಲ್ಲುತ್ತಿದ್ದೆ ಎಂಬುದು ನನಗೆ ಗೊತ್ತು. ತೀರ್ಥಹಳ್ಳಿಯ ಮದುವೆಯೊಂದರಲ್ಲಿ ಗುರುತಿಲ್ಲದ ಹಿರಿಯರೊಬ್ಬರು, “ನಾಯಿ ವಿಷಯ ಮೊದಲೇ ಹೇಳಿದ ಹುಡುಗಿ ನೀನೇನಾ?” ಎಂದರು. ಅತ್ತೆ ಪಕ್ಕದಲ್ಲೇ ಎಡಗೈಯಲ್ಲಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನಾನು ಕೈಮುಗಿದೆ. ಅಲ್ಲ ಎನ್ನಲಿಲ್ಲ.

ಅವತ್ತು ಮನೆಗೆ ವಾಪಸಾಗುವಾಗ ಬಸ್ಸಿನಲ್ಲಿ ಅವಳ ಪಕ್ಕ ಕೂತು ಕೇಳಿದೆ: “ಅತ್ತೆ, ನಿನ್ನ ಮಾತನ್ನ ಅವರು ನನ್ನ ಬಾಯಿಗೆ ಹಾಕುವಾಗ, ನಾನು ಸುಮ್ಮನೆ ನಿಂತಿರುವಾಗ, ನಿಂಗೆ ಎಂತ ಅನ್ನಿಸ್ತದೆ?”