ಸುಮಂಗಲಾ ವೈನಿಯ ಉಪಚಾರ

ನಮ್ಮ ಸುಮಂಗಲಾ ವೈನಿಯ ಮನೆಗೆ ಹೋಗಿ ಹಸಿದುಕೊಂಡು ಬಂದವರು ಇನ್ನೂ ಹುಟ್ಟಿಲ್ಲ. ಪುಣೆಯ ಧನಕವಡಿಯಲ್ಲಿ ಅವಳ ಗಂಡ, ನಮ್ಮ ಅಣ್ಣ ಭುಜಂಗ ಕಟ್ಟಿಸಿದ ಮನೆ ಅದು. ಕೆಳಗೆ ತಾವು, ಮೇಲೆ ಬಾಡಿಗೆಗೆಂದು ಒಂದು ಕೋಣೆ. ಅಣ್ಣ ಭೋಸರಿಯ ಕಾರ್ಖಾನೆಯಲ್ಲಿ ಲೇಥ್ ನಡೆಸುತ್ತಿದ್ದ. ವೈನಿ ಧಾರವಾಡದಲ್ಲಿ ಬಿ.ಎ. ಮಾಡಿ ಬಂದವಳು. ಅವಳ ಕಟ್ಟಳೆಯೆಂದರೆ, ಪಾವಣ್ಯಾರಿಗೆ, ಅಂದರೆ ಮನೆಗೆ ಬಂದ ಅತಿಥಿಗಳಿಗೆ, ತಾಟಿನಲ್ಲಿ ನೀರಿನ ಲೋಟ, ಪಕ್ಕದಲ್ಲಿ ಬೆಲ್ಲದ ಚೂರು ಇಟ್ಟು ಕೊಡಬೇಕು. ಮನೆಯವರು ಮಾತ್ರ ತಾವೇ ಎದ್ದು ಹೋಗಿ ಕೊಡದಿಂದ ತೆಗೆದುಕೊಂಡು ಕುಡಿಯಬೇಕು. ಬಂದವರ ಕೈಯಿಂದ ಕೆಲಸ ಮಾಡಿಸುವುದು ಅವಳ ಪಾಲಿಗೆ ಮಹಾಪಾಪ. ಆ ಮನೆಯ ಮಗಳಾದ ನಾನೇ ಉಂಡ ತಾಟು ತೊಳೆಯಲು ಹೋಗಿ ಬೈಸಿಕೊಂಡಿದ್ದೇನೆ.

ಅಣ್ಣ ವೈನಿಗೆ ಮಕ್ಕಳಿರಲಿಲ್ಲ. ವೈನಿ ಆ ಮಾತು ಎತ್ತುತ್ತಿರಲಿಲ್ಲ, ನಾವೂ ಎತ್ತುತ್ತಿರಲಿಲ್ಲ.

ತೊಂಬತ್ತೆಂಟರಲ್ಲಿ ಮೇಲಿನ ಕೋಣೆಗೆ ಸ್ವೀಡನ್ನಿನ ಗಂಡಹೆಂಡತಿ ಬಂದರು, ಓಲೆ ಮತ್ತು ಬಿರ್ಗಿತ್. ಪುಣೆಯ ಅನಾಥಾಲಯವೊಂದರಿಂದ ಎಂಟು ವರ್ಷದ ಸೋನಾಲಿಯನ್ನು ದತ್ತು ತೆಗೆದುಕೊಂಡಿದ್ದರು. ಅವಳ ಪಾಸ್‌ಪೋರ್ಟು ಕೈಗೆ ಬರುವವರೆಗೆ ಇಲ್ಲಿಯೇ ಇರಬೇಕಾಗಿತ್ತು. ಹುಡುಗಿಯ ಹೆತ್ತವರು ಕಲಬುರ್ಗಿ ಕಡೆಯವರು, ಚಾಕಣದಲ್ಲಿ ಕಟ್ಟಡದ ಕೆಲಸಕ್ಕೆ ಬಂದು ಕಾಯಿಲೆಯಲ್ಲಿ ತೀರಿಕೊಂಡಿದ್ದರು. ಅವಳಿಗೆ ಕನ್ನಡ ಬರುತ್ತಿತ್ತು, ಮರಾಠಿ ಬರುತ್ತಿತ್ತು. ಹೊಸ ಅಪ್ಪ ಅವ್ವನಿಗೆ ಎರಡೂ ಇಲ್ಲ.

ಬಂದ ದಿನ ಹುಡುಗಿ ಮೆಟ್ಟಿಲ ಮೇಲೆ ಕಂಬ ಹಿಡಿದು ನಿಂತೇ ಇದ್ದಳು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು. ಇಳಿದು ಸೀದಾ ಅಡುಗೆಮನೆಗೆ ಬಂದು ವೈನಿಯ ಪಕ್ಕ ಕುಳಿತಳು. ಆಮೇಲೆ ಅಲ್ಲಿಂದ ಏಳಲಿಲ್ಲ ಎಂದೇ ಹೇಳಬೇಕು.

ವೈನಿ ಅವಳಿಗೆ ನೀರೆರೆದಳು, ಎಣ್ಣೆ ಹಚ್ಚಿ ಎರಡು ಜಡೆ ಹಾಕಿದಳು, ಬದನೆಕಾಯಿ ಪಲ್ಯದ ಜೊತೆ ರೊಟ್ಟಿ ಮುರಿದು ತಿನ್ನಿಸಿದಳು. ಬಿರ್ಗಿತ್ ಬಾಚಣಿಗೆ ಹಿಡಿದು ಬಂದರೆ, ನೀವು ಆರಾಮ ಕೂಡ್ರಿ ಎಂದು ಇಂಗ್ಲಿಷಿನಲ್ಲಿ ಹೇಳಿ ಅದನ್ನು ಕಸಿದುಕೊಳ್ಳುವಳು. ಪಾಪ, ಬಿರ್ಗಿತ್ ಕುರ್ಚಿಯಲ್ಲಿ ಕೈಕಟ್ಟಿ ಕೂತು ತನ್ನ ಮಗಳನ್ನು ನೋಡುತ್ತಿದ್ದಳು. ಉಪಚಾರವೂ ಅತಿಯಾದರೆ ಅಪಚಾರವೇ. ಇದನ್ನು ವೈನಿಗೆ ಹೇಳುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ.

ಒಂದು ರವಿವಾರ ನಾನು ಹೋಗಿದ್ದಾಗ ಸೋನಾಲಿ ತಾನಾಗಿಯೇ ಲೋಟಕ್ಕೆ ನೀರು ತುಂಬಿ, ತಾಟಿನಲ್ಲಿ ಬೆಲ್ಲದ ಜೊತೆ ಇಟ್ಟು, ಬಿರ್ಗಿತ್‌ಗೆ ಒಯ್ದು ಕೊಟ್ಟಳು. ಬಿರ್ಗಿತ್‌ಳ ಕಣ್ಣು ತುಂಬಿತು. ಮಗಳು ಕೊನೆಗೂ ಒಲಿದಳೆಂದು ತಿಳಿದಳು. ಹುಡುಗಿ ಅಡುಗೆಮನೆಗೆ ಮರಳಿ ಬಂದು ವೈನಿಯ ಸೆರಗು ಹಿಡಿದಳು.

"ಅವ್ವಾ, ಈ ಪಾವಣ್ಯಾರು ಯಾವಾಗ ಹೋಗ್ತಾರ?"

ವೈನಿಯ ಮುಖದಲ್ಲಿ ಮೊದಲು ಬಂದದ್ದು ಸಂತೋಷ. ನಾನು ಕಣ್ಣಾರೆ ಕಂಡೆ. ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬರುವವರೆಗೂ ಅವಳು ಅದನ್ನು ತಿರುವಲಿಲ್ಲ. ಆಮೇಲೆ ಹುಡುಗಿಯನ್ನು ಅಂಗಳಕ್ಕೆ ಆಡಲು ಕಳಿಸಿ ನನ್ನ ಕಡೆ ತಿರುಗಿದಳು.

"ಅಲ್ಲಿ ಹೋದ ಮ್ಯಾಲೆ ಈ ಕೂಸಿಗೆ ಯಾರ ಅದಾರ? ನಾ ಅಂತೂ ಇರಂಗಿಲ್ಲ."

ಮರುದಿನ ಬೆಳಿಗ್ಗೆ ವೈನಿಯ ಬಲಗೈಗೆ ಸುಣ್ಣ ಅರಿಶಿಣ ಬಳಿದು ಬಟ್ಟೆ ಸುತ್ತಿತ್ತು. ಕೈ ಉಳುಕಿದೆ, ಇನ್ನು ಬಾಚಣಿಗೆ ಹಿಡಿಯಲಾಗದು, ಹಿಟ್ಟು ಕಲಸಲಾಗದು ಎಂದು ಸಾರಿದಳು. ಅದೇ ಕೈಯಿಂದ ತುಂಬಿದ ಕೊಡ ಎತ್ತಿದ್ದನ್ನು ಅಣ್ಣ ಕಂಡಿದ್ದ. ಸುಮ್ಮನಿದ್ದ, ಸಂಸಾರ ಮಾಡಿ ಕಲಿತದ್ದೇ ಅಷ್ಟು.

ಮೊದಲೆರಡು ದಿನ ಸೋನಾಲಿ ತಲೆ ಕೆದರಿಕೊಂಡು ಸಿಟ್ಟಿನಲ್ಲಿ ಓಡಾಡಿದಳು. ಬಿರ್ಗಿತ್ ಬಾಚಲು ಹೋದರೆ ಕಿರುಚಿದಳು. ವೈನಿ ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಮೂರನೆಯ ದಿನ ಬಿರ್ಗಿತ್ ರೊಟ್ಟಿ ಬಡಿಯಲು ಕುಳಿತಳು. ಬಡಿದಷ್ಟೂ ಹರಿಯಿತು, ಹಿಟ್ಟು ಮೂಗಿಗೂ ಮೆತ್ತಿತು. ಸೋನಾಲಿ ನಕ್ಕುಬಿಟ್ಟಳು. ಹಿಟ್ಟು ಕಿತ್ತುಕೊಂಡು ಹೀಗೆ ಎಂದು ತೋರಿಸಿದಳು. ಆ ಸಂಜೆ ಅವಳೇ ಬಿರ್ಗಿತ್‌ಳ ಮುಂದೆ ಬೆನ್ನು ಮಾಡಿ ಕುಳಿತು, ಎಳೆ ಹೇಗೆ ಹಿಡಿಯಬೇಕೆಂದು ಬೆರಳು ಹಿಡಿದು ಕಲಿಸಿದಳು. ದಿನ ಕಳೆದಂತೆ ಅವಳು ಅಡುಗೆಮನೆಗೆ ಬರುವುದು ಕಡಿಮೆಯಾಯಿತು. ವೈನಿಗೆ ಬೇಕಾದದ್ದೂ ಅದೇ. ಆದರೆ ಆ ದಿನಗಳಲ್ಲಿ ಅವಳು ನಮ್ಮೆಲ್ಲರ ಮೇಲೆ ಸುಮ್ಮಸುಮ್ಮನೆ ಹರಿಹಾಯುತ್ತಿದ್ದಳು.

ಹೊರಡುವ ದಿನ ವೈನಿ ಬೇಸನ್ ಉಂಡಿಯ ಡಬ್ಬಿ ಹಿಡಿದು ಮೇಲೆ ಹೋದಳು. ಹಿಂದೆ ನಾನು. ಚೀಲಗಳೆಲ್ಲ ಕಟ್ಟಿ ಆಗಿತ್ತು. ಸೋನಾಲಿಯ ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕತ್ತಿನ ಕೆಳಗೆ. ನೋಡಲಾರದೆ ವೈನಿ ಎಡಗೈ ಚಾಚಿದಳು. ಹುಡುಗಿ ತಲೆ ಸರಿಸಿದಳು.

"ಇರ್ಲಿ ಬಿಡ್ರಿ. ಮಮ್ಮಿ ಹಾಕ್ಯಾಳ."

ಆಮೇಲೆ ಚಾಪೆ ಹಾಸಿ ವೈನಿಯನ್ನು ಕೂರಿಸಿದಳು. ಮೂಲೆಗೆ ಹೋಗಿ ತಾಟಿನಲ್ಲಿ ನೀರಿನ ಲೋಟ ಇಟ್ಟು ತಂದು, ಎರಡೂ ಕೈಯಲ್ಲಿ ಮುಂದೆ ಹಿಡಿದಳು. ವೈನಿ ಲೋಟ ಎತ್ತಿ ಪೂರ್ತಿ ಕುಡಿದಳು.

ರಿಕ್ಷಾ ತಿರುವು ದಾಟಿದ ಮೇಲೆ ಅವಳು ಅಡುಗೆಮನೆಗೆ ಬಂದು ಕೈಯ ಬಟ್ಟೆ ಬಿಚ್ಚಿದಳು. ಸಂಜೆಗೆ ಹಿಟ್ಟು ನಾದಲು ಕುಳಿತಳು. ನಾದುತ್ತಲೇ ಅತ್ತಳು.

"ಬೆಲ್ಲಾನೂ ಇಟ್ಟಿದ್ಲು ನೋಡು," ಅಂದಳು.